ಕೆಟ್ಟಂತೆ ಕಾಣುವ ಕನ್ನಡ ಕಡತವನ್ನು ತೆರೆಯುವುದು ಹೇಗೆ?

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಬಗ್ಗೆ ನಮ್ಮ ವಿದ್ಯಾರ್ಥಿಗಳೆಲ್ಲ ಓದಿಯೇ ಇರುತ್ತಾರೆ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಆ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ.ಎಚ್. ಕೃಷ್ಣ. ಹಳೆಯ ಲಿಪಿ ತಿಳಿಯದವರಿಗೆ ಅದು ಇಂದಿಗೂ ಬರೀ ಗೀಚು, ಬಲ್ಲವರಿಗೆ ಕನ್ನಡ. ಒಂದೂವರೆ ಸಾವಿರ ವರ್ಷದ ಕಲ್ಲನ್ನು ಓದಿಕೊಂಡ ನಾವು, ಇಪ್ಪತ್ತು ವರ್ಷದ ಹಿಂದೆ ಟೈಪು ಮಾಡಿದ ಕನ್ನಡವನ್ನು ಮಾತ್ರ ‘ಕೆಟ್ಟುಹೋಗಿದೆ’ ಎಂದು ಎಸೆಯುತ್ತಿದ್ದೇವೆ.

ಹಳೇಬೀಡಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಒಂದು ಸಿ.ಡಿ. ತಂದಿದ್ದಳು. ಅವಳ ಚಿಕ್ಕಪ್ಪ 2003ರಲ್ಲಿ ಅಜ್ಜಿಯಿಂದ ಹೇಳಿಸಿಕೊಂಡು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿಸಿದ್ದ ಸೋಬಾನೆ ಪದಗಳು ಅದರಲ್ಲಿದ್ದವು. ಅಜ್ಜಿ ಈಗಿಲ್ಲ. ಕಾಗದದ ಪ್ರತಿಯೂ ಉಳಿದಿಲ್ಲ. ಅರಸೀಕೆರೆಯ ಅಂಗಡಿಯೊಂದರಲ್ಲಿ ತೆರೆಸಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ‘ಫೈಲು ಕರಪ್ಟ್ ಆಗಿದೆಯಮ್ಮ, ಬಿಸಾಕು’ ಎಂದರಂತೆ. ಆದರೆ ಕಡತ ನೆಟ್ಟಗೇ ಇತ್ತು!

ಹಾಗಾದರೆ ಆಗಿದ್ದೇನು? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 256 ಸಂಖ್ಯೆ. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸುವುದುಂಟೆ? ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದ ಹೀಗೆ ಕೂತಿರುತ್ತದೆ: 80, 192, 163, 192, 223, 113, 192. ಮೂರು ಸಲ ಬಂದ 192 ತಲೆಕಟ್ಟು. 163 ತಲೆಕಟ್ಟಿಲ್ಲದ ‘ನ’. 223 ಅದರ ಒತ್ತು. ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ 163 ಎಂದರೆ ಬ್ರಿಟನ್ನಿನ ಪೌಂಡಿನ ಗುರುತು. ಸೋಬಾನೆ ಪದದ ನಡುವೆ ಪೌಂಡು ಬಂದದ್ದು ಹೀಗೆ.

1991ರಲ್ಲಿ ಬಂದ ಯೂನಿಕೋಡ್ ಈ ತಾಪತ್ರಯ ತಪ್ಪಿಸಿತು. ಅದರಲ್ಲಿ ‘ಕ’ಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ, ಜಗತ್ತಿನಾದ್ಯಂತ ಅದು ‘ಕ’ವೇ. ಆದರೂ ಹಳೆಯ ಪದ್ಧತಿಯಲ್ಲೇ ಟೈಪು ಮಾಡುವುದು ಬಹಳ ವರ್ಷ ನಡೆಯಿತು.

ಇಂಥ ಕಡತ ಸಿಕ್ಕರೆ ಮೊದಲು ಅದರ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ವರ್ಡ್ ಕಡತವಾದರೆ ತೆರೆದು ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಿ. ಫಾಂಟು ನಿಮ್ಮಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿರುತ್ತದೆ. ‘ನುಡಿ’ ಎಂದಿದ್ದರೆ ಆ ಫಾಂಟು ಹಾಕಿಕೊಂಡರೆ ಸಾಕು, ಕನ್ನಡ ಎದ್ದು ನಿಲ್ಲುತ್ತದೆ. ‘ಬಿ.ಆರ್.ಎಚ್.’ ಎಂದಿದ್ದರೆ ಅದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ದ್ದು. ಶ್ರೀಲಿಪಿಯ ಸಂಕೇತವೇ ಬೇರೆ. ಅದಕ್ಕೆ ನುಡಿಯ ಫಾಂಟು ಹಾಕಿದರೆ ಇನ್ನೊಂದು ಬಗೆಯ ಗೋಜಲು ಬರುತ್ತದೆ, ಅಷ್ಟೆ. ಪೇಜ್‌ಮೇಕರ್ ಕಡತವಾಗಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸಿನಲ್ಲಿ ತೆರೆದು ನೋಡಬಹುದು.

ಕೆಲವರು ಕಡತದ ಹೆಸರಿನ ಬಾಲ ಬದಲಿಸಿ ತೆರೆಯಲು ಹೊರಡುತ್ತಾರೆ. ಅರಸೀಕೆರೆಯ ಮಂಡಿಯಲ್ಲಿ ರಾಗಿ ಚೀಲದ ಮೇಲೆ ‘ಕೊಬ್ಬರಿ’ ಎಂದು ಬರೆದಂತೆ ಇದು! ನಿಜವಾದ ಗುರುತು ಕಡತದ ಒಳಗೆ, ಮೊದಲ ಕೆಲವು ಅಕ್ಷರಗಳಲ್ಲಿ ಇರುತ್ತದೆ. ಈಗಿನ ವರ್ಡ್ ಕಡತ ಇಂಗ್ಲಿಷಿನ ‘ಪಿ’, ‘ಕೆ’ಗಳಿಂದ ಶುರುವಾಗುತ್ತದೆ. ಅದು ಒಳಗಿಂದೊಳಗೆ ಜಿಪ್ ಕಡತ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು ಅವು. ತಂದೆತಾಯಿಗಳಿಗೆ ಇಲ್ಲೊಂದು ಕಿವಿಮಾತು: ‘ಯಾವ ಫೈಲನ್ನಾದರೂ ತೆರೆಯುತ್ತೇವೆ’ ಎಂದು ಜಾಹೀರಾತು ಕೊಡುವ ಅಪರಿಚಿತ ತಂತ್ರಾಂಶವನ್ನು ಹಾಕಿಕೊಳ್ಳಲು ಬಿಡಬೇಡಿ. ಮಕ್ಕಳ ಅಂಕಪಟ್ಟಿ, ಆಧಾರ್‌ಗಳನ್ನು ಗುರುತಿಲ್ಲದ ಜಾಲತಾಣಕ್ಕೆ ಏರಿಸುವುದೂ ಬೇಡ.

ಓದಲು ಬಂದ ಕಡತವನ್ನು ಯೂನಿಕೋಡಿಗೆ ಬದಲಾಯಿಸಿಡುವುದು ಮೇಲು. ಇಲ್ಲವಾದರೆ ಮುಂದಿನ ಕಂಪ್ಯೂಟರಿನಲ್ಲಿ ಮತ್ತೆ ಅದೇ ಕಥೆ. ಪರಿವರ್ತಿಸುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಆದರೆ ಬಂದದ್ದನ್ನು ಕಣ್ಣಿಟ್ಟು ಓದಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ‘ಮ’ದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಹೀಗಾಗಿ ‘ಧರ್ಮ’, ‘ಸೂರ್ಯ’ದಂಥ ಪದಗಳಲ್ಲಿ ಪರಿವರ್ತಕ ಎಡವಬಹುದು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುವುದುಂಟು. ಇವನ್ನು ತಿದ್ದುವಾಗ ಮೂಲ ಕಡತ ಪಕ್ಕದಲ್ಲೇ ತೆರೆದಿರಲಿ.