ಮೊಟ್ಟೆಯ ಬುಟ್ಟಿ ಹೊತ್ತ ಫ್ರೆಂಚ್ ಕಾರು



ಮನೆಗೆ ಹೊಸ ಕಾರು ಕೊಳ್ಳುವ ಮಾತು ಬಂದರೆ ನೀವು ಮೊದಲು ಕೇಳುವುದೇನು? ಪರದೆ ಎಷ್ಟು ಅಂಗುಲದ್ದು, ಸನ್‌ರೂಫ್ ಉಂಟೇ, ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು! ನಮ್ಮ ಮನೆಯಲ್ಲೂ ಇಂಥದೇ ಚರ್ಚೆ ನಡೆದು ಕಾರು ಬಂತು. ಅದರಲ್ಲಿ ಚೆನ್ನೈನಿಂದ ಬೆಂಗಳೂರಿಗೆ ಹೊರಟೆವು. ವೆಲ್ಲೂರು ದಾಟುವುದರೊಳಗೆ ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆಯವರು "ಇನ್ನೆಷ್ಟು ದೂರ ಇದೆಯೇ?" ಎಂದು ಮೂರು ಸಲ ಕೇಳಿದ್ದರು. ಎಂಬತ್ತು ದಾಟಿದ ಅವರ ಸೊಂಟಕ್ಕೆ ರಸ್ತೆಯ ಒಂದೊಂದು ಉಬ್ಬೂ ತಾಗುತ್ತಿತ್ತು. ಕೊಳ್ಳುವಾಗ ಎಲ್ಲವನ್ನೂ ವಿಚಾರಿಸಿದ್ದೆವು. ಅತ್ತೆಯವರನ್ನು ಮಾತ್ರ ಒಮ್ಮೆ ಹಿಂದೆ ಕೂರಿಸಿ ನೋಡಿರಲಿಲ್ಲ.

ಯಾರು ಕೂರುತ್ತಾರೆ, ಏನು ಹೊರುತ್ತಾರೆ ಎಂಬುದರಿಂದಲೇ ಆರಂಭಿಸಿ ಒಂದು ಕಾರನ್ನು ಮಾಡಿದವರು ಹಿಂದೆ ಇದ್ದರು. ಅದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ 2 ಸಿವಿ. ಅದೇ ಕಂಪನಿ ಈಗ ನಮ್ಮ ಚೆನ್ನೈ ಪಕ್ಕದ ತಿರುವಳ್ಳೂರಿಗೂ ಬಂದಿರುವುದರಿಂದ ಅದರ ಕಥೆ ನಿಮಗೆ ತಿಳಿದಿರಲಿ ಎಂದು ಈ ಲೇಖನ. ನಾನು ಇಂಜಿನಿಯರಿಂಗ್ ಓದಿದವಳಲ್ಲ. ಅರ್ಥವಾದಷ್ಟನ್ನು ಅರ್ಥವಾದ ಹಾಗೆಯೇ ಹೇಳುತ್ತೇನೆ.

ರೈತನಿಗೊಂದು ಕಾರು

ಆಂಡ್ರೆ ಸಿಟ್ರೊಯೆನ್ 1919ರಲ್ಲಿ ಕಾರು ತಯಾರಿಕೆ ಆರಂಭಿಸಿದರು. ಅದಕ್ಕೂ ಮೊದಲು ಅವರದು ಗೇರ್ ಚಕ್ರ ತಯಾರಿಸುವ ಕಸುಬು. ಆ ಗೇರಿನ ಓರೆ ಹಲ್ಲುಗಳ ಗುರುತೇ ಇಂದಿಗೂ ಆ ಕಾರುಗಳ ಮುಂದಿರುವ ಜೋಡಿ ಬಾಣದ ಚಿಹ್ನೆ. 1934ರ ಕೊನೆಗೆ ಕಂಪನಿ ಸಾಲದಲ್ಲಿ ಮುಳುಗಿತು. ಟೈರು ತಯಾರಿಸುವ ಮಿಶಲಿನ್ ಕಂಪನಿ ಅದನ್ನು ವಹಿಸಿಕೊಂಡಿತು. ಹೀಗೆ ಬಂದ ಪಿಯೆರ್ ಬೂಲಾಂಜೆ, ಹಳ್ಳಿಗಾಡಿನ ರೈತ ಇನ್ನೂ ಕುದುರೆ ಗಾಡಿಯಲ್ಲೇ ಸಂತೆಗೆ ಹೋಗುತ್ತಿರುವುದನ್ನು ಗಮನಿಸಿ ತಮ್ಮ ಇಂಜಿನಿಯರುಗಳ ಮುಂದೆ ಒಂದು ಬೇಡಿಕೆಯಿಟ್ಟರು.

ಆ ಬೇಡಿಕೆ ಹೀಗಿತ್ತು: ಮರದ ಪಾದರಕ್ಷೆ ಮೆಟ್ಟಿದ ಇಬ್ಬರು ರೈತರು ಮತ್ತು 50 ಕಿಲೋ ಆಲೂಗಡ್ಡೆಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಯ್ಯಬೇಕು. ನೂರು ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲ್ ಸಾಕಾಗಬೇಕು. ಉತ್ತ ಹೊಲದ ಮೇಲೆ ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಹೋದರೆ ಒಂದೂ ಒಡೆಯಬಾರದು! ಕಾರು ನೋಡಲು ಹೇಗಿದ್ದರೂ ಚಿಂತೆಯಿಲ್ಲ.

1939ರ ಹೊತ್ತಿಗೆ ಸುಮಾರು 250 ಮಾದರಿ ಕಾರುಗಳು ಸಿದ್ಧವಾಗಿದ್ದವು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಈ ಗುಟ್ಟು ಜರ್ಮನರ ಕೈಗೆ ಸಿಗಬಾರದೆಂದು ಹೆಚ್ಚಿನವನ್ನು ನಾಶಮಾಡಿದರು, ಕೆಲವನ್ನು ಬಚ್ಚಿಟ್ಟರು. ಹಾಗೆ ಉಳಿದವುಗಳಲ್ಲಿ ಮೂರು ಕಾರುಗಳು 1990ರ ದಶಕದಲ್ಲಿ ಒಂದು ಕಣಜದ ಅಟ್ಟದ ಮೇಲೆ ಸಿಕ್ಕವೆಂದರೆ ಆಶ್ಚರ್ಯವಲ್ಲವೇ?

ಕೊನೆಗೆ 1948ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ 2 ಸಿವಿ ಜನರೆದುರು ನಿಂತಿತು. ಪತ್ರಿಕೆಯವರು ನಕ್ಕರು. ಅದರ ಎಂಜಿನ್ ಬರೀ 375 ಸಿಸಿ, 9 ಅಶ್ವಶಕ್ತಿ! ಆದರೆ ಜನ ನಗಲಿಲ್ಲ, ಹಣ ಕಟ್ಟಿದರು. ಕೆಲವರು ಕಾರಿಗಾಗಿ ವರ್ಷಗಟ್ಟಲೆ ಕಾದರು. ರೈತ, ಹಳ್ಳಿಯ ವೈದ್ಯ, ಪಾದ್ರಿ ಎಲ್ಲರ ಮನೆ ಮುಂದೆಯೂ ಅದು ನಿಂತಿತು. 1990ರ ಜುಲೈವರೆಗೆ ಅಂಥ 38 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಉಬ್ಬುತಗ್ಗನ್ನು ನುಂಗುವ ಬಗೆ

ತಲೆಯ ಮೇಲೆ ಕೊಡ ಹೊರುವವಳು ಕೊಡಕ್ಕೂ ತಲೆಗೂ ನಡುವೆ ಬಟ್ಟೆಯ ಸಿಂಬೆ ಇಟ್ಟುಕೊಳ್ಳುತ್ತಾಳೆ. ಕಾರಿನ ಸಸ್ಪೆನ್ಷನ್ ಕೂಡ ಒಂದು ಸಿಂಬೆಯೇ. ಚಕ್ರದ ಕುಲುಕಾಟ ಮೇಲೆ ಕುಳಿತವರಿಗೆ ತಲುಪದಂತೆ ತಡೆಯುತ್ತದೆ.

ಮಾಮೂಲಿ ಕಾರಿನಲ್ಲಿ ಚಕ್ರಕ್ಕೊಂದು ಸ್ಪ್ರಿಂಗ್ ಇದ್ದು, ಒಂದರ ಕಷ್ಟ ಇನ್ನೊಂದಕ್ಕೆ ತಿಳಿಯದು. 2 ಸಿವಿಯಲ್ಲಿ ಹಾಗಲ್ಲ. ಪ್ರತಿ ಬದಿಯಲ್ಲೂ ನೆಲದಡಿ ಉದ್ದಕ್ಕೆ ಮಲಗಿಸಿದ ಒಂದು ಸಿಲಿಂಡರ್, ಅದರೊಳಗೆ ಸ್ಪ್ರಿಂಗ್‌ಗಳು. ಮುಂದಿನ ಚಕ್ರದ ತೋಳೂ ಹಿಂದಿನ ಚಕ್ರದ ತೋಳೂ ಅದಕ್ಕೇ ಜೋಡಣೆ. ಮುಂದಿನ ಚಕ್ರ ಉಬ್ಬು ಹತ್ತಿದರೆ ಅದರ ಒತ್ತಡದ ಒಂದು ಪಾಲು ಅದೇ ಬದಿಯ ಹಿಂದಿನ ಚಕ್ರಕ್ಕೂ ತಲುಪುತ್ತದೆ. ಆದ್ದರಿಂದ ಕಾರಿನ ಮೂತಿ ಎಗರುವುದಿಲ್ಲ, ಇಡೀ ಮೈ ಸಮವಾಗಿ ಏಳುತ್ತದೆ. ಕೂಡುಕುಟುಂಬದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹಂಚಿಕೊಂಡ ಹಾಗೆ! ಮೊಟ್ಟೆ ಉಳಿದದ್ದು ಹೀಗೆ.

ಮಿಕ್ಕ ವಿಷಯಗಳಲ್ಲೂ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನೇ ಪಾಲಿಸಿದರು. ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತಿತ್ತು. ರೇಡಿಯೇಟರೂ ಇಲ್ಲ, ನೀರೂ ಬೇಡ. ಇಲ್ಲದ ಭಾಗ ಕೆಡುವುದಾದರೂ ಹೇಗೆ? ಚಾವಣಿಗೆ ಸುತ್ತಿಡಬಹುದಾದ ಬಟ್ಟೆ. ಮನೆಯಲ್ಲಿ ಕುರ್ಚಿ ಸಾಲದಿದ್ದರೆ ಸೀಟುಗಳನ್ನು ಬಿಚ್ಚಿ ಹೊರಗೆ ಹಾಕಿಕೊಳ್ಳಬಹುದು. ಹಿಂದೆ ಭಾರ ಹೆಚ್ಚಿ ಮೂತಿ ಮೇಲೆದ್ದರೆ, ದೀಪಗಳನ್ನು ಒಳಗಿನಿಂದಲೇ ತಿರುಗಿಸಿ ಬೆಳಕನ್ನು ರಸ್ತೆಗೆ ಇಳಿಸಬಹುದಿತ್ತು. ಓಟ ಮಾತ್ರ ನಿಧಾನ, ಸದ್ದು ಜೋರು, ತಿರುವಿನಲ್ಲಿ ಹಡಗಿನಂತೆ ವಾಲುವ ಸ್ವಭಾವ.

ಇದೇ ಕಂಪನಿ 1955ರಲ್ಲಿ ಡಿ.ಎಸ್. ಎಂಬ ದೊಡ್ಡ ಕಾರು ತಂದಿತು. ಆ ಎರಡು ಅಕ್ಷರಗಳನ್ನು ಫ್ರೆಂಚಿನಲ್ಲಿ ಉಚ್ಚರಿಸಿದರೆ "ದೇವಿ" ಎಂಬರ್ಥದ ಪದವೇ ಕೇಳಿಸುತ್ತದೆ. ಪಾಲ್ ಮಾಜೆಸ್ ಎಂಬುವರು ಅದರಲ್ಲಿ ಉಕ್ಕಿನ ಸ್ಪ್ರಿಂಗ್ ತೆಗೆದು, ಗುಂಡಗಿನ ಬುರುಡೆಯೊಳಗೆ ನೈಟ್ರೋಜನ್ ಅನಿಲ ತುಂಬಿ, ಅದನ್ನು ಎಣ್ಣೆಯ ಒತ್ತಡದಿಂದ ಅದುಮುವ ಏರ್ಪಾಡು ಮಾಡಿದರು. ಒಬ್ಬರು ಕೂತರೂ ಐವರು ಕೂತರೂ ಕಾರು ನೆಲದಿಂದ ಅದೇ ಎತ್ತರದಲ್ಲಿ ನಿಲ್ಲುತ್ತಿತ್ತು. 1962ರ ಆಗಸ್ಟ್ 22ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರ ಮೇಲೆ ಗುಂಡಿನ ದಾಳಿ ನಡೆದಾಗ, ಟೈರುಗಳಿಗೆ ಗುಂಡು ತಗುಲಿದರೂ ಅವರನ್ನು ಪಾರುಮಾಡಿದ್ದು ಒಂದು ಡಿ.ಎಸ್. ಕಾರು.

ತಿರುವಳ್ಳೂರಿನವರೆಗೆ

ಇನ್ನು ನಮ್ಮೂರಿಗೆ ಬರೋಣ. 2017ರಲ್ಲಿ ಸಿಟ್ರೊಯೆನ್ನಿನ ಮಾತೃಸಂಸ್ಥೆ ನಮ್ಮ ಬಿರ್ಲಾ ಬಳಗದೊಂದಿಗೆ ಒಪ್ಪಂದ ಮಾಡಿಕೊಂಡಿತು. ನಿಮ್ಮ ತಾತಂದಿರ ಕಾಲದ ಅಂಬಾಸಿಡರ್ ಹೆಸರನ್ನೂ 80 ಕೋಟಿ ರೂಪಾಯಿಗೆ ಕೊಂಡಿತು. 2021ರಲ್ಲಿ ತಿರುವಳ್ಳೂರಿನಿಂದ ಸಿ5 ಏರ್‌ಕ್ರಾಸ್ ಹೊರಬಂತು. ಅದರ ಸಸ್ಪೆನ್ಷನ್ನಿನಲ್ಲಿ ಕೊನೆಯ ಹೊಡೆತವನ್ನು ಮೆತ್ತಗೆ ಮಾಡುವ ಎಣ್ಣೆಯ ಕುಷನ್ ಇತ್ತು. 2022ರಲ್ಲಿ ಚಿಕ್ಕ ಕಾರು ಸಿ3 ಬಂತು. ಎಂಜಿನ್ ತಯಾರಿಕೆಯ ಜಾಗ ಯಾವುದೆಂದುಕೊಂಡಿರಿ? ಬೆಂಗಳೂರಿನ ದಾರಿಯಲ್ಲಿ ನಮ್ಮ ಕಿವಿಗೆ ಕನ್ನಡ ಬೀಳತೊಡಗುವ ಹೊಸೂರು!

ಹೆಮ್ಮೆಯ ಜೊತೆಗೆ ಒಂದು ಕಹಿ ಸತ್ಯವನ್ನೂ ಹೇಳಬೇಕು. 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಇಲ್ಲಿಯ ವಿದ್ಯುತ್ ಕಾರು ಇಸಿ3ಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂತು. ಅದೇ ವರ್ಷ ಅದೇ ಕಂಪನಿಯ ಬಸಾಲ್ಟ್ ಕಾರು ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಅಂದರೆ ಮಾಡಬೇಕೆಂದು ಮನಸ್ಸು ಮಾಡಿದರೆ ಮಾಡಬಹುದು. ಮೊಟ್ಟೆ ಒಡೆಯಬಾರದೆಂದು ಅಷ್ಟು ಯೋಚಿಸಿದ ಮನೆತನದಿಂದ, ಮನುಷ್ಯರ ಬಗ್ಗೆ ಅದಕ್ಕಿಂತ ಹೆಚ್ಚಿನ ಕಾಳಜಿಯನ್ನು ನಾವು ಕೇಳುವುದು ತಪ್ಪೇ?

ಮಿತ್ರರೇ, ಶ್ರೀಪೆರಂಬುದೂರು, ಒರಗಡಂ ಕಡೆಯ ಮೋಟಾರು ಕಾರ್ಖಾನೆಗಳಲ್ಲಿ ನಿಮ್ಮಲ್ಲಿ ಕೆಲವರಾದರೂ ನಾಳೆ ಕೆಲಸ ಮಾಡುವವರು. ಕಾರಿನ ನಕ್ಷೆಯನ್ನು ಬಿಡಿಸುವ ಮೊದಲು ಬೂಲಾಂಜೆಯಂತೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಕೂರುವವರು ಯಾರು, ಅವರ ಮಡಿಲಲ್ಲಿ ಏನಿದೆ? ಇನ್ನು ಕೊಳ್ಳುವವರಿಗೆ ನನ್ನದೊಂದು ಕಿವಿಮಾತು. ಪರೀಕ್ಷಾ ಸವಾರಿಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ. ನಾಲ್ಕು ಉಬ್ಬು ದಾಟಿದ ಮೇಲೂ ಅವರು "ಇನ್ನೆಷ್ಟು ದೂರ?" ಎನ್ನದಿದ್ದರೆ ನಿಶ್ಚಿಂತೆಯಿಂದ ಮುಂಗಡ ಕೊಡಿ. ನಮ್ಮ ಮನೆಯಲ್ಲಿ ಮುಂದಿನ ಕಾರು ಬರುವುದು ಹಾಗೆಯೇ.