ಹುಳು ಸತ್ತು ಚಿಟ್ಟೆ ಹುಟ್ಟುವುದೇ?

ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಅವಸ್ಥೆಗಳನ್ನು ಪಾಠಪುಸ್ತಕದಲ್ಲಿ ಓದದ ವಿದ್ಯಾರ್ಥಿಯಿಲ್ಲ. ಬಾಣದ ಗುರುತುಗಳಿಂದ ಜೋಡಿಸಿದ ನಾಲ್ಕು ಚಿತ್ರಗಳೂ ಕಂಠಪಾಠವಾಗಿರುತ್ತವೆ. ಆದರೆ ಆ ಬಾಣಗಳ ಎಡೆಯಲ್ಲಿ ನಡೆಯುವುದನ್ನು ಕಣ್ಣಾರೆ ಕಂಡವರು ವಿರಳ. ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಹಿತ್ತಿಲಲ್ಲಿ ಒಂದು ನಿಂಬೆಯ ಇಲ್ಲವೆ ಕರಿಬೇವಿನ ಗಿಡ, ಅಗಲವಾದ ಬಾಯಿಯ ಗಾಜಿನ ಭರಣಿ, ಅದಕ್ಕೆ ಕಟ್ಟಲು ತೆಳುವಾದ ಬಟ್ಟೆ, ಪ್ರಶ್ನೆ ಕೇಳುವ ಮಕ್ಕಳು, ಇಷ್ಟಿದ್ದರೆ ಸಾಕು.

ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆಗಳುಳ್ಳ ನಿಂಬೆ ಚಿಟ್ಟೆಯು ಎಳೆಯ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸಾಸಿವೆ ಕಾಳಿನಷ್ಟು ಚಿಕ್ಕದು, ತಿಳಿಹಳದಿ ಬಣ್ಣದ್ದು. ಎಲೆಯೊಡನೆ ಅದನ್ನು ತಂದು ಭರಣಿಯಲ್ಲಿಟ್ಟರೆ, ಬೆಚ್ಚನೆಯ ದಿನಗಳಲ್ಲಿ ಮೂರು ನಾಲ್ಕು ದಿನಗಳೊಳಗೆ ಮರಿಹುಳು ಹೊರಬರುತ್ತದೆ. ದಿನವೂ ಹೊಸ ಎಲೆ ಕೊಡಬೇಕು, ಹಿಕ್ಕೆಯನ್ನು ತೆಗೆಯಬೇಕು. ಅಂಗಡಿಯಿಂದ ತಂದ ಕರಿಬೇವು ಬೇಡ. ಅದಕ್ಕೆ ಕೀಟನಾಶಕ ಸಿಂಪಡಿಸಿದ್ದರೆ ಹುಳು ಬದುಕುವುದಿಲ್ಲ.

ಎಳೆಯ ಹುಳು ನೋಡಲು ಥೇಟು ಹಕ್ಕಿಯ ಹಿಕ್ಕೆಯಂತಿದ್ದು, ಹಕ್ಕಿಯ ಕಣ್ಣಿಗೆ ಆಹಾರವಾಗಿ ತೋರುವುದಿಲ್ಲ. ಹುಳು ನಾಲ್ಕು ಬಾರಿ ಪೊರೆ ಕಳಚಿ ಬೆರಳಿನ ಎರಡು ಗೆಣ್ಣುಗಳಷ್ಟು ಉದ್ದವಾಗುವ ಹೊತ್ತಿಗೆ ಈ ವೇಷವು ಸಾಗದು. ಅಷ್ಟು ದೊಡ್ಡ ಹಿಕ್ಕೆಯನ್ನು ಯಾವ ಹಕ್ಕಿ ನಂಬೀತು? ಆಗ ಅದು ಎಲೆಹಸುರು ಬಣ್ಣವನ್ನು ತಾಳುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಅಂಗವೊಂದನ್ನು ಹೊರಚಾಚಿ ಕಟುವಾದ ವಾಸನೆ ಬೀರುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿಸಲು ಬಯಸುವರು. ಒಂದೆರಡು ಸಲಕ್ಕೆ ನಿಲ್ಲಿಸುವುದು ಲೇಸು.

ಎರಡು ಮೂರು ವಾರಗಳ ಬಳಿಕ ಹುಳು ತಿನ್ನುವುದನ್ನು ಬಿಟ್ಟು ಅಲೆದಾಡತೊಡಗುತ್ತದೆ. ಭರಣಿಯಲ್ಲೊಂದು ಕಡ್ಡಿಯನ್ನು ನಿಲ್ಲಿಸಿದ್ದರೆ ಅದನ್ನೇರಿ, ಬಾಲದ ತುದಿಯನ್ನು ರೇಷ್ಮೆಯಿಂದ ಬಿಗಿದು, ನಡುವಿಗೊಂದು ರೇಷ್ಮೆಯ ಎಳೆ ಸುತ್ತಿಕೊಂಡು, ಹಗ್ಗ ಕಟ್ಟಿಕೊಂಡು ಮರವೇರಿದವನಂತೆ ಒರಗಿ ನಿಲ್ಲುತ್ತದೆ. ಮುಂದೆ ಕೊನೆಯ ಪೊರೆ ಜಾರುತ್ತದೆ, ಉಳಿಯುವುದು ಕೋಶ.

ಈ ಹಂತದಲ್ಲಿ ನಮ್ಮ ಅಣ್ಣನ ಮಗಳು ಕೇಳಿದ ಪ್ರಶ್ನೆ ಇದು: “ಚಿಕ್ಕಪ್ಪ, ಒಳಗಿರೋದು ಅದೇ ಹುಳಾನಾ? ಅದು ಸತ್ತುಹೋಯ್ತಾ?”

ಪ್ರಶ್ನೆ ಬಾಲಿಶವಾದುದಲ್ಲ. ಹುಳು ಅಳಿದು ಬೇರೊಂದು ಜೀವಿ ಹುಟ್ಟುವುದೆಂದು ವಿದ್ವಾಂಸರೂ ಒಂದು ಕಾಲದಲ್ಲಿ ಬಗೆದಿದ್ದರು. ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ 17ನೆಯ ಶತಮಾನದಲ್ಲಿ ಬಲಿತ ಹುಳುವನ್ನು ಕುಯ್ದು, ಚರ್ಮದಡಿಯಲ್ಲಿ ರೆಕ್ಕೆಗಳ ಮೊಳಕೆಗಳಿರುವುದನ್ನು ತೋರಿಸಿದನು. ಹುಳು ತಿನ್ನುತ್ತಿರುವಾಗಲೇ ಚಿಟ್ಟೆಯ ಅಂಗಗಳಾಗಬೇಕಾದ ಜೀವಕಣಗಳ ಗುಂಪುಗಳು ಅದರೊಳಗೆ ಕಾದಿರುತ್ತವೆ. ಎಳೆತನವನ್ನು ಕಾಯ್ದಿಡುವ ಹಾರ್ಮೋನು ಇಳಿದು, ಪೊರೆ ಕಳಚಿಸುವ ಹಾರ್ಮೋನು ಏರಿದಾಗ ಅವು ಬೆಳೆಯುತ್ತವೆ. ಹುಳುವಿನ ಸ್ನಾಯುಗಳಲ್ಲಿ ಬಹುಭಾಗ ಕರಗಿ ಹೊಸ ದೇಹಕ್ಕೆ ಸಾಮಗ್ರಿಯಾಗುತ್ತದೆ. ಆದರೆ ಎಲ್ಲವೂ ಕರಗುವುದಿಲ್ಲ. ನರಮಂಡಲವು ಮಾರ್ಪಟ್ಟರೂ ಉಳಿಯುತ್ತದೆ.

ಹಾಗಾದರೆ ನೆನಪು? ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಲ್ಲೇಖನೀಯ. ತಂಬಾಕಿನ ಗಿಡ ತಿನ್ನುವ ಒಂದು ಪತಂಗದ ಹುಳುಗಳಿಗೆ ಈಥೈಲ್ ಅಸಿಟೇಟಿನ ವಾಸನೆಯೊಡನೆ ಲಘುವಾದ ವಿದ್ಯುದಾಘಾತ ಕೊಟ್ಟರು. ಹುಳುವಿನ ಕೊನೆಯ ಹಂತದಲ್ಲಿ ಈ ಪಾಠ ಕಲಿತವುಗಳಲ್ಲಿ ಬಹುಪಾಲು, ಪತಂಗಗಳಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಎಳೆಯ ಹಂತದಲ್ಲಿ ಕಲಿತವುಗಳಿಗೆ ನೆನಪು ಉಳಿಯಲಿಲ್ಲ. ಆದ್ದರಿಂದ ಮಗುವಿಗೆ ನಾವು “ಸತ್ತಿಲ್ಲ” ಎಂದೇ ಉತ್ತರ ಕೊಟ್ಟೆವು.

ಕೋಶವು ಏನನ್ನೂ ತಿನ್ನದು, ಕುಡಿಯದು. ಕಾಲೇಜಿನ ಸೂಕ್ಷ್ಮ ತಕ್ಕಡಿಯಲ್ಲಿ ದಿನವೂ ತೂಗುವ ಅನುಕೂಲವುಳ್ಳ ವಿದ್ಯಾರ್ಥಿಗಳು ತೂಕ ಇಳಿಯುತ್ತ ಹೋಗುವುದನ್ನು ನಕ್ಷೆಯಲ್ಲಿ ಗುರುತಿಸಬಹುದು. ಹೋದದ್ದು ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡು.

ಸುಮಾರು ಹತ್ತು ದಿನಗಳಾದ ಮೇಲೆ ಕೋಶ ಕಪ್ಪಾಗಿ ರೆಕ್ಕೆಯ ಮಚ್ಚೆಗಳು ಹೊರಗೆ ಕಾಣುತ್ತವೆ. ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿದ ಬಟ್ಟೆಯಂತಿರುತ್ತದೆ. ದೇಹದ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಡದಿಂದ ತುಂಬಿ ಅದು ರೆಕ್ಕೆಯನ್ನು ಬಿಡಿಸಬೇಕು. ಈ ಹೊತ್ತಿನಲ್ಲಿ ನೆರವಾಗಲು ಬೆರಳು ಚಾಚಿದರೆ ರೆಕ್ಕೆ ಶಾಶ್ವತವಾಗಿ ಸೊಟ್ಟಗಾದೀತು. ಚಿಟ್ಟೆಯು ಒಂದೆರಡು ಕೆಂಪು ಹನಿಗಳನ್ನೂ ವಿಸರ್ಜಿಸುವುದುಂಟು. ಅದು ರಕ್ತವಲ್ಲ, ಕೋಶದಲ್ಲಿ ಕೂಡಿದ್ದ ಕಲ್ಮಷವೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಕೆಲವು ಸಲ ಕೋಶಕ್ಕೆ ಸಣ್ಣ ತೂತು ಬಿದ್ದು, ಚಿಟ್ಟೆಯ ಬದಲು ಲೋಹದ ಹೊಳಪಿನ ಸಣ್ಣ ಕಣಜಗಳು ಸಾಲಾಗಿ ಹೊರಬರುತ್ತವೆ. ಕೋಶ ಇನ್ನೂ ಮೆತ್ತಗಿದ್ದಾಗ ತಾಯಿ ಕಣಜ ಅದರೊಳಗೆ ಮೊಟ್ಟೆಯಿಟ್ಟಿರುತ್ತದೆ. ಮಕ್ಕಳು ಅಳುವುದು ಆಗಲೇ. ಇಲ್ಲಿ ಚಿಟ್ಟೆ ನಿಜವಾಗಿಯೂ ಸತ್ತಿದೆ, ಹಾಗೆಂದೇ ಹೇಳಬೇಕು. ಕಣಜಗಳನ್ನು ಕೊಲ್ಲಲು ಹೊರಟ ಮಗುವಿಗೆ ಭೂತಗನ್ನಡಿ ಕೊಟ್ಟು ನೋಡಿಸುವುದು ಮೇಲು: ಅವೂ ಮೊಟ್ಟೆ, ಹುಳು, ಕೋಶ ಎಂಬ ಅವೇ ಅವಸ್ಥೆಗಳನ್ನು ಆ ಒಂದೇ ಕೋಶದ ಕತ್ತಲೆಯಲ್ಲಿ ದಾಟಿ ಬಂದಿರುತ್ತವೆ.