ಪಿಯುಸಿ ಮುಗಿದ ಮೇಲೆ ನಾಟಕ ಕಲಿಯಬೇಕೆಂದರೆ

ಈ ಸಲದ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಹಳೆಯ ವಿದ್ಯಾರ್ಥಿಯಾಗಿ ಬಂದಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ದ್ವಿತೀಯ ಪಿಯುಸಿಯ ಮೂವರು ನನ್ನನ್ನು ನಿಲ್ಲಿಸಿ ಕೇಳಿದರು: “ಅಣ್ಣಾ, ನಾವು ಹಾಡ್ತೀವಿ, ಪಾರ್ಟೂ ಮಾಡ್ತೀವಿ. ಮುಂದ ಇದನ್ನ ಕಲಿಯಾಕ ಎಲ್ಲಿ ಹೋಗ್ಬೇಕು? ಡಿಗ್ರಿ ಬಿಡಬೇಕೇನು?” ಅಲ್ಲಿ ನಿಂತು ಹೇಳಿದ್ದು ಅರ್ಧ ಮಾತ್ರ. ಉಳಿದದ್ದನ್ನು ಬರೆದುಕೊಡು ಎಂದು ಕನ್ನಡ ಉಪನ್ಯಾಸಕರು ಹೇಳಿದ್ದರಿಂದ ಈ ಲೇಖನ.

ಡಿಗ್ರಿ ಬಿಡಬೇಡಿ. ಇದನ್ನು ಮನೆಯ ಹಿರಿಯರ ಪರವಾಗಿ ಹೇಳುತ್ತಿಲ್ಲ, ನಾಟಕದ ಪರವಾಗಿಯೇ ಹೇಳುತ್ತಿದ್ದೇನೆ. ದೇಶದಲ್ಲಿ ನಾಟಕ ಕಲಿಸುವ ಅತಿ ದೊಡ್ಡ ಸಂಸ್ಥೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅದು 1959ರಲ್ಲಿ ಶುರುವಾಯಿತು. ಅಲ್ಲಿಯ ಮೂರು ವರ್ಷದ ಡಿಪ್ಲೊಮಾಕ್ಕೆ ಅರ್ಜಿ ಹಾಕಬೇಕಾದರೆ ಯಾವುದಾದರೂ ವಿಷಯದಲ್ಲಿ ಪದವಿ ಆಗಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಇರಬೇಕು, ಹಿಂದಿ ಮತ್ತು ಇಂಗ್ಲಿಷ್ ಕೆಲಸಕ್ಕೆ ಬರುವಷ್ಟು ಗೊತ್ತಿರಬೇಕು. ಇಡೀ ದೇಶದಿಂದ ಪ್ರತಿ ವರ್ಷ ತೆಗೆದುಕೊಳ್ಳುವುದು ಮೂವತ್ತರ ಆಸುಪಾಸಿನಷ್ಟು ಜನರನ್ನು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಉಂಟು. ಪಿಯುಸಿಗೇ ಓದು ನಿಲ್ಲಿಸಿದವರಿಗೆ ಆ ಬಾಗಿಲು ತೆರೆಯುವುದಿಲ್ಲ. ನಾಟಕಕ್ಕಾಗಿ ಓದು ಬಿಟ್ಟವರಿಗೆ ನಾಟಕ ಶಾಲೆಯೇ ಸಿಗದಂತಾಗುತ್ತದೆ.

ನಾನು ಇದನ್ನು ಒಂದು ವರ್ಷ ಕಳೆದುಕೊಂಡು ತಿಳಿದುಕೊಂಡೆ. ಪಿಯುಸಿ ರಿಸಲ್ಟ್ ಬಂದಾಗ ಒಂದು ರಂಗಶಾಲೆಯ ಒಂದು ವರ್ಷದ ಕೋರ್ಸಿಗೆ ಅರ್ಜಿ ಹಾಕಿ, ಸಿಕ್ಕೇ ಸಿಗುತ್ತದೆ ಎಂದು ಬೇರೆ ಯಾವ ಕಾಲೇಜಿಗೂ ಅರ್ಜಿ ಹಾಕದೆ ಕೂತೆ. ಸಂದರ್ಶನದಲ್ಲಿ ಆಯ್ಕೆಯಾಗಲಿಲ್ಲ. ವಾಪಸ್ಸು ಬಂದು ನೋಡಿದರೆ ಪದವಿ ಪ್ರವೇಶದ ಕೊನೆಯ ದಿನಾಂಕ ದಾಟಿತ್ತು. ಆ ವರ್ಷ ಪೂರ್ತಿ ಅಬ್ಬಾನ ಜೊತೆ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಉಗಾರಕ್ಕೆ ಹೋಗಿ ಬಂದೆ. ಅಬ್ಬಾ ಬೈಯಲಿಲ್ಲ. ಒಂದು ದಿನ ಕಾರ್ಖಾನೆಯ ಪಾಳಿಯಲ್ಲಿ ನಿಂತಾಗ ಹೇಳಿದರು: “ಹಾಡು, ನಾ ಬ್ಯಾಡ ಅನ್ನೂದಿಲ್ಲ. ಖರೇ ಎರಡೂ ಕಡೆ ಅರ್ಜಿ ಹಾಕಾಕ ಏನಾಗಿತ್ತು?” ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ರಂಗಶಾಲೆಗಳ ಸಂದರ್ಶನ, ಪದವಿ ಕಾಲೇಜುಗಳ ಪ್ರವೇಶ ಎರಡೂ ಹೆಚ್ಚುಕಡಿಮೆ ಒಂದೇ ಹಂಗಾಮಿನಲ್ಲಿ ಬರುತ್ತವೆ. ಎರಡರ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಈಗ ಯಾವ ಕೋರ್ಸು ಎಂಬ ಮಾತು. ಅಮೆರಿಕದಲ್ಲಿ ಹಾಡು, ಅಭಿನಯ, ಕುಣಿತ ಮೂರನ್ನೂ ಕೂಡಿಸಿ ‘ಮ್ಯೂಸಿಕಲ್ ಥಿಯೇಟರ್’ ಎಂಬ ಹೆಸರಿನ ಪದವಿಯನ್ನೇ ಕೊಡುವ ವಿಶ್ವವಿದ್ಯಾಲಯಗಳಿವೆ. ಅಂಥ ಹೆಸರನ್ನು ನಮ್ಮಲ್ಲಿ ಹುಡುಕುತ್ತ ಕೂಡಬೇಡಿ. ಇಲ್ಲಿ ಸಂಗೀತದ ಪದವಿ ಬೇರೆ, ನಾಟಕದ ಕಲಿಕೆ ಬೇರೆ, ಎರಡನ್ನೂ ಜೋಡಿಸಿಕೊಳ್ಳುವ ಕೆಲಸ ನಿಮ್ಮದು. ಸಂಗೀತವಿಲ್ಲದ ನಾಟಕ ನಮ್ಮ ಭಾಗದಲ್ಲಿ ಇತ್ತೀಚಿನದು ಅನ್ನುವುದನ್ನೂ ನೆನಪಿಡಿ. ಬೆಳಗಾವಿ, ಬಾಗಲಕೋಟ ಕಡೆಯ ಶ್ರೀಕೃಷ್ಣ ಪಾರಿಜಾತ, ಸಣ್ಣಾಟ ಎಲ್ಲವೂ ಹಾಡಿನ ಮೇಲೆಯೇ ನಿಂತ ಆಟಗಳು. ನಮ್ಮ ಊರಿಗೆ ಹತ್ತಿರದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ಶುರುವಾಯಿತೆಂದು ಹೇಳುತ್ತಾರೆ. ಅದಕ್ಕೆ ಪ್ರೇರಣೆ ಕನ್ನಡ ನಾಡಿನಿಂದ ಅಲ್ಲಿಗೆ ಹೋಗಿದ್ದ ಭಾಗವತ ಮೇಳದ ಆಟ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದರು. ಆಮೇಲೆ ಮೀರಜಿನ ನೀಲಕಂಠಬುವಾ ಅವರ ಬಳಿ ಸಂಗೀತ ಕಲಿಯಲು ಹೋದರು. ಅಂದರೆ ಈ ದಾರಿಯನ್ನು ನೀವು ಮೊದಲ ಬಾರಿಗೆ ತುಳಿಯುತ್ತಿಲ್ಲ.

ಪಿಯುಸಿ ಆದ ಮೇಲೆ ನಮ್ಮ ಮುಂದೆ ಇರುವುದು ಮುಖ್ಯವಾಗಿ ಎರಡು ಬಗೆ. ಒಂದು, ಒಂದು ವರ್ಷದ ರಂಗ ಡಿಪ್ಲೊಮಾ. ಸಾಗರ ತಾಲೂಕು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ಕೆ. ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದರು. ಮೈಸೂರು ರಂಗಾಯಣದಲ್ಲಿ ಭಾರತೀಯ ರಂಗಶಿಕ್ಷಣ ಕೇಂದ್ರ ಇದೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ರಂಗಪ್ರಯೋಗ ಶಾಲೆ ಇದೆ. ಇವುಗಳಲ್ಲಿ ಪಾಠ ಕನ್ನಡದಲ್ಲಿ ನಡೆಯುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಾಟಕವೇ: ಧ್ವನಿ, ಅಭಿನಯ, ಹಾಡು, ಬೆಳಕು, ರಂಗಸಜ್ಜಿಕೆ, ಮೇಕಪ್ಪು, ಕೊನೆಗೆ ಕಸ ಗುಡಿಸುವುದು ಕೂಡ. ಕಲಿಕೆಗೆ ಇಷ್ಟು ಗಟ್ಟಿಯಾದ ಜಾಗ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಕಲಿತವರಿಗೆ ಮುಂದೆ ರೆಪರ್ಟರಿ ತಂಡಗಳಲ್ಲಿ ಅವಕಾಶ ಇರುತ್ತದೆ. ನೀನಾಸಂನ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಆದರೆ ಒಂದು ವರ್ಷದ ಡಿಪ್ಲೊಮಾ ಪದವಿಯಲ್ಲ. ಅದೊಂದನ್ನೇ ಹಿಡಿದುಕೊಂಡು ಬಿ.ಎಡ್.ಗೆ ಹೋಗಲಾಗದು, ಪದವಿ ಕೇಳುವ ಯಾವ ಪರೀಕ್ಷೆಗೂ ಕೂಡಲಾಗದು.

ಇನ್ನೊಂದು, ಪದವಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ ಇದೆ, ಹಿಂದುಸ್ತಾನಿ ಸಂಗೀತದಲ್ಲಿ ಪದವಿ ಮಾಡಬಹುದು. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಮರಾಠಿ ಚೆನ್ನಾಗಿ ಬರುವವರು (ನಮ್ಮಲ್ಲಿ ಅರ್ಧ ಜನಕ್ಕೆ ಬರುತ್ತದೆ) ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರವನ್ನೂ ನೋಡಬಹುದು, ಅಲ್ಲಿ ಬಿ.ಎ. ಹಂತದಲ್ಲೇ ನಾಟಕವನ್ನು ವಿಷಯವಾಗಿ ಕಲಿಸುತ್ತಾರೆ. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಸಂಗೀತ ಮತ್ತು ನಾಟಕದ ವಿಭಾಗವಿದೆ. ಅರ್ಹತೆ, ಶುಲ್ಕ, ವಯಸ್ಸಿನ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿ, ನನ್ನಂಥವರ ಬಾಯಿಮಾತು ನಂಬಬೇಡಿ.

ಸಂಗೀತ ಅಥವಾ ನಾಟಕದ ಪದವಿಯೇ ಆಗಬೇಕೆಂದೂ ಇಲ್ಲ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನಮ್ಮದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಓದಿದ್ದು ಕನ್ನಡ ಸಾಹಿತ್ಯ. ಮುಂದೆ ಅವರೇ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಬಿ. ವಿ. ಕಾರಂತರದು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು ಅವರು. ಅವರನ್ನು ಓದಲು ಕಾಶಿಗೆ ಕಳಿಸಿದ್ದು ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರೇ. ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು, ಆಮೇಲೆ ದೆಹಲಿಯ ನಾಟಕ ಶಾಲೆಗೆ ಹೋದರು. ಮುಂದೆ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ದಿನಾ ಟಿಕೆಟ್ಟಿನ ದುಡ್ಡು ಎಣಿಸುವ ಕಂಪನಿ ಮಾಲೀಕರೊಬ್ಬರು ಹುಡುಗನನ್ನು ಕಾಲೇಜಿಗೆ ಕಳಿಸಿದರು ಎಂಬುದನ್ನು ನಾನು ಮನೆಯಲ್ಲಿ ಹಲವು ಸಲ ಹೇಳಿದ್ದೇನೆ.

ಆದ್ದರಿಂದ ಪದವಿಯ ಹೆಸರಿಗಿಂತ ಊರನ್ನು ನೋಡಿ ಆರಿಸಿಕೊಳ್ಳಿ. ನಾಟಕ ನಡೆಯುವ, ನಾಟಕ ನೋಡಲು ಸಿಗುವ, ಸಂಜೆ ತಾಲೀಮಿಗೆ ಹೋಗಬಹುದಾದ ಊರಿನಲ್ಲಿ ಬಿ.ಎ. ಆಗಲಿ, ಬಿ.ಕಾಂ. ಆಗಲಿ ಮಾಡಿ. ಕಳೆದುಹೋದ ವರ್ಷದ ನಂತರ ನಾನು ಧಾರವಾಡ ಆರಿಸಿದೆ. ಉಗಾರ ಖುರ್ದ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಕುಡಚಿ, ರಾಯಬಾಗ, ಘಟಪ್ರಭಾ, ಬೆಳಗಾವಿ ದಾಟಿ ಅದೇ ಹಳಿ ಧಾರವಾಡಕ್ಕೆ ಹೋಗುತ್ತದೆ. ಅಲ್ಲಿ ರಂಗಾಯಣ ಇದೆ, ಸಂಗೀತದ ಬೈಠಕ್ಕುಗಳಿವೆ, ಬಹಳಷ್ಟು ಪುಕ್ಕಟೆ. ಸೇರುವ ಮೊದಲು ಆ ಕಾಲೇಜು ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ತಂಡ ಕಳಿಸುತ್ತದೆಯೋ ಇಲ್ಲವೋ ಕೇಳಿ. ಏಕಾಂಕ, ಪ್ರಹಸನ, ಮೂಕಾಭಿನಯ, ಸಮೂಹ ಗಾಯನ ಎಲ್ಲವೂ ಅಲ್ಲಿರುತ್ತವೆ. ದೆಹಲಿಯವರು ಕೇಳುವ ಅನುಭವ ಮೂರು ವರ್ಷದಲ್ಲಿ ಹೀಗೆಯೇ ಕೂಡುತ್ತದೆ. ಪ್ರತಿ ನಾಟಕದ ಕರಪತ್ರ, ಪ್ರಮಾಣಪತ್ರ, ಫೋಟೊ ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನು ಆಯ್ಕೆ, ಅಂದರೆ ಆಡಿಷನ್. ನಾನು ಮೊದಲ ಸಲ ಸೋತದ್ದು ಹಾಡಿನಲ್ಲಿ. ಮೊಬೈಲಿನಲ್ಲಿ ಕರಾವೋಕೆ ಹಾಕಿಕೊಂಡು ಒಂದು ಸಿನಿಮಾ ಹಾಡನ್ನು ಮೂರು ತಿಂಗಳು ಕಲಿತಿದ್ದೆ. ಅಲ್ಲಿ ಪೇಟಿಯೂ ಇಲ್ಲ, ಟ್ರ್ಯಾಕೂ ಇಲ್ಲ, ಬರೀ ಹಾಡು ಎಂದರು. ಎಲ್ಲಿಂದ ಎತ್ತಬೇಕೆಂದು ತಿಳಿಯದೆ ಮೇಲಿನ ಶ್ರುತಿಯಲ್ಲಿ ಎತ್ತಿ, ಎರಡನೆಯ ಸಾಲಿಗೆ ದನಿ ಒಡೆಯಿತು. ಅರ್ಧ ನಿಮಿಷಕ್ಕೇ “ಸಾಕು” ಅಂದರು. ಅರ್ಧ ನಿಮಿಷ ಅನ್ಯಾಯವೇನಲ್ಲ, ಅಮೆರಿಕದ ಆಡಿಷನ್‌ಗಳಲ್ಲೂ ಎಷ್ಟೋ ಕಡೆ ಹಾಡಿನ ಹದಿನಾರು ಬಾರ್ ಮಾತ್ರ ಕೇಳುತ್ತಾರೆ, ಅದೂ ಅಷ್ಟೇ ಹೊತ್ತು. ಹಾಗಾಗಿ ಹಾಡಿನ ಆರಂಭದಿಂದಲೇ ಹಾಡಬೇಕೆಂದಿಲ್ಲ, ನಿಮ್ಮ ದನಿ ಚೆನ್ನಾಗಿ ಕೂಡುವ ಭಾಗದಿಂದ ಶುರು ಮಾಡಿ. ಊರಿನ ಭಜನೆ ಪೇಟಿ ಮಾಸ್ತರರನ್ನೋ, ಶಾಲೆಯ ಸಂಗೀತ ಶಿಕ್ಷಕರನ್ನೋ ಹಿಡಿದು ನಿಮ್ಮ ಶ್ರುತಿ ಯಾವ ಮನೆಯದೆಂದು ಗೊತ್ತುಮಾಡಿಕೊಳ್ಳಿ. ಪೇಟಿಯಿಲ್ಲದೆ ಅದೇ ಜಾಗದಿಂದ ಎತ್ತುವುದನ್ನು ದಿನಾ ಅಭ್ಯಾಸ ಮಾಡಿ.

ಪದವಿ ಕಾಲೇಜಿನ ನಾಟಕ ತಂಡಕ್ಕೆ ಆಯ್ಕೆ ನಡೆದಾಗ ನಾನು ಬೇರೆ ಹಾಡಿದೆ. ಮೊಹರಮ್ಮಿನಲ್ಲಿ ನಮ್ಮ ಚಾಚಾ ಹಾಡುವ ರಿವಾಯತ್ ಪದ. ಕರ್ಬಲಾದ ಕತೆ, ಕನ್ನಡದಲ್ಲಿ, ಹೆಜ್ಜೆ ಹಾಕುತ್ತ ಹಾಡುವುದು. ನಮ್ಮ ಕಡೆ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಹಾಡುತ್ತಾರೆ, ಆದ್ದರಿಂದ ಅದನ್ನು ‘ಕಲೆ’ ಎಂದು ನಾನು ಎಣಿಸಿಯೇ ಇರಲಿಲ್ಲ. ಯಾರೂ “ಸಾಕು” ಅನ್ನಲಿಲ್ಲ. ಇನ್ನೊಂದು ಹಾಡು ಅಂದರು. ಮಿಲಾದಿನಲ್ಲಿ ನಾತ್ ಓದುವವರು, ಉರುಸಿನಲ್ಲಿ ಕವ್ವಾಲಿಗೆ ದನಿಗೂಡಿಸುವವರು, ಡೊಳ್ಳಿನ ಪದ ಹಾಡುವವರು ನಮ್ಮ ತರಗತಿಗಳಲ್ಲೇ ಇದ್ದೀರಿ. ಆಯ್ಕೆಗೆ ಬಂದವರಲ್ಲಿ ಹತ್ತರಲ್ಲಿ ಏಳು ಜನ ಶರೀಫರ ಒಂದೇ ತತ್ವಪದ ಹಾಡಿದ್ದನ್ನು ಆ ದಿನ ನಾನೇ ಕೇಳಿದೆ, ಪಾಪ, ಕೂತವರಿಗೂ ಸಾಕಾಗಿತ್ತು.

ಅಭಿನಯಕ್ಕೆ ಎರಡು ನಿಮಿಷದ ಎರಡು ಮಾತುಗಳನ್ನು ಕಲಿತಿರಿ, ಒಂದು ನಗುವಿನದು, ಒಂದು ಗಂಭೀರದ್ದು. ಮುದುಕ ರಾಜನ ಪಾತ್ರ ಬೇಡ, ನಿಮ್ಮ ವಯಸ್ಸಿನ ಪಾತ್ರ ಇರಲಿ. ಯೂಟ್ಯೂಬಿನಿಂದ ತುಂಡು ಎತ್ತಿಕೊಳ್ಳದೆ ಇಡೀ ನಾಟಕ ಓದಿರಿ, ಏಕೆಂದರೆ “ಇದಕ್ಕಿಂತ ಮೊದಲು ಏನಾಯ್ತು?” ಎಂದು ಕೇಳಿಯೇ ಕೇಳುತ್ತಾರೆ. ಉಚ್ಚಾರಣೆಯ ವಿಷಯ ನಮ್ಮ ಮನೆಗಳ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಮನೆಯಲ್ಲಿ ದಖನಿ ಆಡುವ ನಮಗೆ ‘ಳ’ ‘ಲ’ ಆಗುತ್ತದೆ, ‘ಣ’ ‘ನ’ ಆಗುತ್ತದೆ. ದಿನಾ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಆರು ತಿಂಗಳಲ್ಲಿ ತಿದ್ದಿಕೊಳ್ಳಬಹುದು, ನಾನು ಹಾಗೆಯೇ ತಿದ್ದಿಕೊಂಡೆ. ಉರ್ದು ಬಲ್ಲವರಿಗೆ ದೆಹಲಿಯ ಹಿಂದಿ ಅರ್ಧ ಬಂದಹಾಗೆಯೇ. ಕೊನೆಗೆ ಥಟ್ಟನೆ ಒಂದು ಸನ್ನಿವೇಶ ಕೊಟ್ಟು ಮಾಡಿತೋರಿಸು ಅನ್ನುತ್ತಾರೆ, ಅದಕ್ಕೆ ತಯಾರಿ ಎಂಬುದಿಲ್ಲ, ಕೊಟ್ಟದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ.

ಮನೆಯ ಮಾತು ಉಳಿಯಿತು. ನಾಟಕ ನಮ್ಮವರಿಗಲ್ಲ ಎಂದು ಹೇಳುವವರು ನಿಮ್ಮ ಮನೆಯಲ್ಲೂ ಇರಬಹುದು. ಬೀಳಗಿಯ ಅಮೀರಬಾಯಿ ಕರ್ನಾಟಕಿ, ಅವರ ಅಕ್ಕ ಗೋಹರಬಾಯಿ ಕಂಪನಿ ನಾಟಕದಲ್ಲಿ ಹಾಡಿದವರು. ಅಮೀರಬಾಯಿ 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದರು. ಮೀರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನ್ ಸಾಹೇಬರ ನೆನಪಿನಲ್ಲಿ ಅಲ್ಲಿಯ ಮೀರಾಸಾಹೇಬ ದರ್ಗಾದಲ್ಲಿ ವರ್ಷಾ ಸಂಗೀತ ಸಭೆ ನಡೆಯುತ್ತದೆ. ಆ ಊರಿನ ತಂಬೂರಿ, ಸಿತಾರ ಮಾಡುವವರು ನಮ್ಮವರೇ. ಇಷ್ಟು ಹೇಳಿದರೂ ಒಪ್ಪದವರು ಇರುತ್ತಾರೆ. ಅವರೊಂದಿಗೆ ವಾದಕ್ಕಿಳಿಯುವ ಬದಲು ಅವರು ನಿಜವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ತನ್ನಿ: ಹಾಸ್ಟೆಲ್ ಎಲ್ಲಿ, ಹುಡುಗಿಯರಿಗೆ ಬೇರೆ ಇದೆಯೇ, ರಾತ್ರಿ ತಾಲೀಮು ಎಷ್ಟು ಹೊತ್ತಿನವರೆಗೆ, ರಮಝಾನಿನಲ್ಲಿ ಊಟದ ಹೊತ್ತು ಬದಲಿಸಿಕೊಳ್ಳಬಹುದೇ, ಕೋರ್ಸು ಮಾನ್ಯತೆ ಪಡೆದದ್ದೇ, ಸ್ಕಾಲರ್‌ಶಿಪ್ ಬರುತ್ತದೆಯೇ. ಯಾವ ಪಾತ್ರ, ಯಾವ ವೇಷ ನಿಮ್ಮಿಂದಾಗದು ಎಂಬುದಿದ್ದರೆ ಅದನ್ನು ಸೇರುವ ಮೊದಲೇ ನೀವೇ ಯೋಚಿಸಿ ಇಟ್ಟುಕೊಳ್ಳಿ, ಸಂದರ್ಶನದಲ್ಲಿ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ. ನಾನು ಹೇಳಿದ್ದೆ, ಯಾರೂ ತಪ್ಪು ತಿಳಿಯಲಿಲ್ಲ.

ಈ ವರ್ಷ ನನ್ನ ಬಿ.ಎ. ಮುಗಿಯುತ್ತದೆ. ದೆಹಲಿಗೂ ಅರ್ಜಿ ಹಾಕುತ್ತೇನೆ, ಬಿ.ಎಡ್.ಗೂ ಹಾಕುತ್ತೇನೆ, ಈ ಸಲ ಎರಡರ ದಿನಾಂಕವೂ ಅಬ್ಬಾನ ಮೊಬೈಲಿನಲ್ಲಿದೆ. ನಾನು ಓದಿದ ಕೆಲವು ನಾಟಕದ ಪುಸ್ತಕಗಳನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ‘ಜೋಕುಮಾರಸ್ವಾಮಿ’ಯ ಪ್ರತಿಗೆ ರಟ್ಟು ಹೋಗಿದೆ, ತೆಗೆದುಕೊಂಡವರು ಸ್ವಲ್ಪ ನೋಡಿಕೊಂಡು ಬಳಸಿರಿ.